ಮನೆಯಲ್ಲಿ ಬಣ್ಣದ ಸೀಗಡಿ ಸಾಕಣೆ: ಮೊದಲು ನೀರು, ಆಮೇಲೆ ಜೀವ



ಕೋಳಿ, ಜೇನು, ಅಣಬೆ ಇವು ಮನೆಯ ಅಂಗಳದ ಕಸುಬುಗಳೆಂದು ನಿಮಗೆಲ್ಲ ಗೊತ್ತಿದೆ. ಈ ಸಲದ ಪಾಠ ಅವೆಲ್ಲಕ್ಕಿಂತ ಸಣ್ಣ ಜೀವದ್ದು. ಗಾಜಿನ ತೊಟ್ಟಿಯಲ್ಲಿ ಸಾಕುವ ಬಣ್ಣದ ಸೀಗಡಿ. ಉದ್ದ ಎರಡರಿಂದ ಮೂರು ಸೆಂಟಿಮೀಟರು, ಅಂದರೆ ಬೆರಳಿನ ಒಂದು ಗೆಣ್ಣಿನಷ್ಟು. ಬಣ್ಣ ಕುಂಕುಮದಂತೆ ಕೆಂಪು. ಪೇಟೆಯ ಬಣ್ಣದ ಮೀನಿನ ಅಂಗಡಿಗಳಲ್ಲಿ ಇದನ್ನು ಚೆರ್ರಿ ಸೀಗಡಿ ಎನ್ನುತ್ತಾರೆ. "ಇದನ್ನು ಮನೆಯಲ್ಲೇ ಮರಿ ಮಾಡಿಸಿ ಮಾರಬಹುದಂತೆ, ನಿಜವೇ ಸಾರ್?" ಎಂದು ನಮ್ಮ ಹಳ್ಳಿಗಳ ಯುವಕರು ನನ್ನನ್ನು ಕೇಳುತ್ತಿದ್ದಾರೆ. ನಿಜ. ಆದರೆ ತಂದ ವಾರದೊಳಗೆ ಎಲ್ಲವೂ ಸತ್ತು ಕೈ ಸುಟ್ಟುಕೊಂಡವರೂ ಇದ್ದಾರೆ. ಅವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಪಾಠವನ್ನು ಪೂರ್ತಿ ಓದಿದ ಮೇಲೆಯೇ ಪೇಟೆಗೆ ಹೊರಡಿರಿ.

ಇದು ಯಾವ ಸೀಗಡಿ?

ಊಟಕ್ಕೆ ಬಳಸುವ ದೊಡ್ಡ ಸಿಹಿನೀರಿನ ಸೀಗಡಿ ಬೇರೆ, ಇದು ಬೇರೆ. ದೊಡ್ಡ ಸೀಗಡಿ ಹೊಳೆಯಲ್ಲಿ ಬೆಳೆದರೂ ಅದರ ಎಳೆಮರಿ ಬದುಕಲು ಉಪ್ಪು ಬೆರೆತ ನೀರು ಬೇಕು. ಅದನ್ನು ಮರಿ ಮಾಡಿಸುವುದು ಮರಿ ಉತ್ಪಾದನಾ ಕೇಂದ್ರದವರ ಕೆಲಸ, ನಮ್ಮ ಜಗಲಿಯಲ್ಲಿ ಆಗತಕ್ಕದ್ದಲ್ಲ. ಚೆರ್ರಿ ಸೀಗಡಿಯ ಮರಿಯಾದರೋ ಮೊಟ್ಟೆಯೊಡೆದು ಹೊರಬರುವಾಗಲೇ ತಾಯಿಯ ರೂಪದಲ್ಲಿರುತ್ತದೆ. ಉದ್ದ ಮಾತ್ರ ಸುಮಾರು ಎರಡು ಮಿಲಿಮೀಟರು. ಹುಟ್ಟಿನಿಂದ ಸಾವಿನವರೆಗೂ ಅದಕ್ಕೆ ಸಿಹಿನೀರೇ ಸಾಕು. ಮನೆಯಲ್ಲಿ ಇದರ ವಂಶ ಬೆಳೆಯಲು ಇದೇ ಕಾರಣ.

ಇದರ ಮೂಲ ಚೀನಾ, ತೈವಾನ್, ಕೊರಿಯಾ ಕಡೆಯ ಹಳ್ಳಕೊಳ್ಳಗಳು. ಅಲ್ಲಿ ಇದರ ಬಣ್ಣ ಮಾಸಲು ಕಂದು. ನೀವು ರಾಗಿಯ ಒಳ್ಳೆಯ ತೆನೆಯನ್ನು ಬೀಜಕ್ಕೆಂದು ಆರಿಸಿಡುವ ಹಾಗೆ, ಸಾಕುವವರು ಕೆಂಪು ಹೆಚ್ಚಿದ್ದವನ್ನು ಆರಿಸಿ ಆರಿಸಿ ಈ ಬಣ್ಣ ತಂದರು. ಹಳದಿ, ನೀಲಿ ಬಣ್ಣದವೂ ಇದೇ ಜಾತಿಯವು. ಬಣ್ಣಗಳನ್ನು ಒಂದೇ ತೊಟ್ಟಿಯಲ್ಲಿ ಬೆರೆಸಿದರೆ ಕೆಲವು ತಲೆಮಾರಿನಲ್ಲಿ ಮತ್ತೆ ಮಾಸಲು ಕಂದೇ ಗತಿ. ಆದ್ದರಿಂದ ಒಂದು ತೊಟ್ಟಿಗೆ ಒಂದೇ ಬಣ್ಣ.

ತೊಟ್ಟಿಯ ಸಿದ್ಧತೆ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಮೊದಲಿಗೆ ಸಾಕು. ಇದರಲ್ಲಿ ಸುಮಾರು 50 ಲೀಟರು ನೀರು ಹಿಡಿಯುತ್ತದೆ. ಹೊಸ ಸಿಮೆಂಟಿನ ತೊಟ್ಟಿ ಬೇಡ. ಅದರ ಸುಣ್ಣ ನೀರಿಗೆ ಬಿಡುತ್ತದೆ. ತೊಟ್ಟಿಯನ್ನು ಬಿಸಿಲು ನೇರವಾಗಿ ಬೀಳದ, ತಂಪಾದ ಕಡೆ ಸಮತಟ್ಟಾದ ಗಟ್ಟಿ ಮೇಜಿನ ಮೇಲೆ ಇಡಿರಿ. ತೊಳೆದ ಮರಳನ್ನು ತಳಕ್ಕೆ ಹರಡಿರಿ. ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಸೋಸುಕ ಕೊಳ್ಳಿರಿ. ಬೇರೆ ಬಗೆಯ ಸೋಸುಕಗಳು ಎಳೆಮರಿಯನ್ನು ಎಳೆದುಕೊಂಡುಬಿಡುತ್ತವೆ. ಸ್ಪಂಜಿನ ಮೇಲಾದರೋ ಮರಿಗಳು ಕುಳಿತು ಮೇಯುತ್ತವೆ. ಜಾವಾ ಮಾಸ್ ಎಂಬ ಪಾಚಿಯಂಥ ಗಿಡವನ್ನು ಒಂದು ಹಿಡಿ ಹಾಕಿದರೆ ಮರಿಗಳಿಗೆ ಅಡಗಲು ತಾಣವಾಗುತ್ತದೆ. ಕೆರೆಯಿಂದ ಗಿಡ ತರುವುದು ಬೇಡ. ಏರೋಪ್ಲೇನ್ ಚಿಟ್ಟೆಯ ಮರಿಹುಳು ಅದರ ಜೊತೆಗೆ ಬಂದರೆ ಒಂದೊಂದೇ ಸೀಗಡಿಯನ್ನು ಹಿಡಿದು ತಿನ್ನುತ್ತದೆ.

ನೀರಿಗೆ ಹೆಪ್ಪು ಹಾಕುವುದು

ಈ ಪಾಠದ ಮುಖ್ಯ ಮಾತು ಇಲ್ಲಿದೆ. ತೊಟ್ಟಿಗೆ ನೀರು ತುಂಬಿದ ದಿನವೇ ಸೀಗಡಿ ಬಿಡಕೂಡದು. ನಾಲ್ಕರಿಂದ ಆರು ವಾರ ಕಾಯಬೇಕು.

ಕಾರಣ ನಿಮಗೆ ಹೊಸದಲ್ಲ. ಹೊಲಕ್ಕೆ ಯೂರಿಯಾ ಹಾಕಿದರೆ ಅದು ಮೊದಲು ಅಮೋನಿಯಾ ಆಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ತೊಟ್ಟಿಯಲ್ಲೂ ಇದೇ ನಡೆಯುತ್ತದೆ. ಸೀಗಡಿಯ ಹಿಕ್ಕೆ, ಉಳಿದ ತಿಂಡಿ ಇವು ಕೊಳೆತು ಅಮೋನಿಯಾ ಹುಟ್ಟುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೀಗಡಿಗೆ ವಿಷ. ನೈಟ್ರೇಟ್ ಅಷ್ಟಾಗಿ ಕೆಡುಕಲ್ಲ. ಹೊಸ ತೊಟ್ಟಿಯಲ್ಲಿ ಈ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಸಾಕಷ್ಟು ಇರುವುದಿಲ್ಲ. ಅವು ಸ್ಪಂಜಿನಲ್ಲೂ ಮರಳಿನಲ್ಲೂ ನೆಲೆಸುವ ತನಕ ನೀರು ನೋಡಲು ತಿಳಿಯಾಗಿದ್ದರೂ ಬದುಕಲು ತಕ್ಕದ್ದಲ್ಲ.

ಮಾಡತಕ್ಕ ಕ್ರಮ ಹೀಗೆ. ನೀರು ತುಂಬಿ, ಸೋಸುಕವನ್ನು ಹಗಲೂ ರಾತ್ರಿಯೂ ನಡೆಸಿರಿ. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿರಿ. ಅಮೋನಿಯಾ, ನೈಟ್ರೈಟ್ ನೋಡುವ ಹನಿ ಔಷಧಿಯ ಪೆಟ್ಟಿಗೆ ಬಣ್ಣದ ಮೀನಿನ ಅಂಗಡಿಯಲ್ಲಿ ದೊರೆಯುತ್ತದೆ. ವಾರಕ್ಕೊಮ್ಮೆ ನೋಡಿರಿ. ಮೊದಲು ಅಮೋನಿಯಾ ಏರುತ್ತದೆ, ಆಮೇಲೆ ನೈಟ್ರೈಟ್ ಏರುತ್ತದೆ, ಕೊನೆಗೆ ಎರಡೂ ಸೊನ್ನೆಗೆ ಇಳಿಯುತ್ತವೆ. ತಿಂಡಿ ಹಾಕುತ್ತಿದ್ದರೂ ಎರಡೂ ಸೊನ್ನೆಯಲ್ಲೇ ನಿಂತಾಗ ಕಾಲು ಪಾಲು ನೀರು ಬದಲಿಸಿ ಸೀಗಡಿ ತರಬಹುದು. ನೆರೆಯವರ ಹಳೆಯ ತೊಟ್ಟಿಯ ಸ್ಪಂಜನ್ನು ನಿಮ್ಮ ತೊಟ್ಟಿಯಲ್ಲಿ ಹಿಂಡಿದರೆ ಕೆಲಸ ಬೇಗ ಆಗುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆಯೇ. ಹೆಪ್ಪು ಹಾಕಿದ ಗಳಿಗೆಗೇ ಮೊಸರು ಬಡಿಸುವ ತಾಯಿ ಯಾರೂ ಇಲ್ಲ.

ಎಂಥ ನೀರು?

ನಲ್ಲಿಯ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು ಬಳಸಿರಿ. ತಾಮ್ರದ ಹಂಡೆ, ಕೊಳದಪ್ಪಲೆಯ ನೀರು ಬೇಡವೇ ಬೇಡ. ಕೊಳವೆ ಬಾವಿಯ ನೀರನ್ನು ಕೃಷಿ ವಿಜ್ಞಾನ ಕೇಂದ್ರದಂಥ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ. ಗಡಸುತನ ಲೀಟರಿಗೆ 100ರಿಂದ 200 ಮಿಲಿಗ್ರಾಂ, ರಸಸಾರ ಆರೂವರೆಯಿಂದ ಎಂಟರೊಳಗೆ ಇದ್ದರೆ ಒಳ್ಳೆಯದು. ಸುಣ್ಣದಂಶ ತೀರ ಕಡಿಮೆಯಾದರೂ ಸೀಗಡಿಗೆ ಚಿಪ್ಪು ಕಟ್ಟುವುದಿಲ್ಲ. ಗಡಸು ಬಹಳವಿದ್ದರೆ ಹಿಡಿದಿಟ್ಟ ಮಳೆನೀರು ಬೆರೆಸಬಹುದು. ಆದರೆ ಮಾಡು ತೊಳೆದು ಬರುವ ಮೊದಲ ಮಳೆಗಳ ನೀರನ್ನು ಹಿಡಿಯಬೇಡಿರಿ.

ನೀರಿನ ಉಷ್ಣತೆ 22ರಿಂದ 26 ಡಿಗ್ರಿ ಸೆಂಟಿಗ್ರೇಡು ಇದ್ದಾಗ ಮರಿ ಚೆನ್ನಾಗಿ ಆಗುತ್ತದೆ. ಬೇಸಿಗೆಯಲ್ಲಿ 30 ದಾಟಿದರೆ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗಿ ಸೀಗಡಿ ಬಳಲುತ್ತದೆ. ಆಗ ತೊಟ್ಟಿಯ ಹೊರಮೈಗೆ ಒದ್ದೆ ಬಟ್ಟೆ ಸುತ್ತಿರಿ, ತಿಂಡಿ ಕಡಿಮೆ ಮಾಡಿರಿ, ಗಾಳಿಯ ಪಂಪು ನಿಲ್ಲದಂತೆ ನೋಡಿಕೊಳ್ಳಿರಿ.

ತಂದು ಬಿಡುವ ವಿಧಾನ

ಮೊದಲಿಗೆ ಹತ್ತರಿಂದ ಹದಿನೈದು ಸಾಕು. ಅಂಗಡಿಯ ಚೀಲದಿಂದ ನೇರವಾಗಿ ತೊಟ್ಟಿಗೆ ಸುರಿಯಬೇಡಿರಿ. ನೀರಿನೊಡನೆ ಒಂದು ಪಾತ್ರೆಗೆ ಹಾಕಿ, ತೊಟ್ಟಿಯಿಂದ ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಒಂದೆರಡು ಗಂಟೆ ನೀರು ಇಳಿಸಿರಿ. ನಮ್ಮ ಹನಿ ನೀರಾವರಿಯಂತೆಯೇ. ಕೊಳವೆಗೆ ಸಡಿಲವಾದ ಗಂಟು ಹಾಕಿದರೆ ಹನಿ ಹದಕ್ಕೆ ಬರುತ್ತದೆ. ಪಾತ್ರೆಯ ನೀರು ಮೂರು ಪಾಲಾದ ಮೇಲೆ ಸೀಗಡಿಯನ್ನು ಮಾತ್ರ ಬಲೆಯಿಂದ ಎತ್ತಿ ಬಿಡಿರಿ. ಮೀನನ್ನು ಜೊತೆಗೆ ಬಿಡಬೇಡಿರಿ. ಸಣ್ಣ ಗಪ್ಪಿ ಮೀನು ಸಹ ಎಳೆಮರಿಯನ್ನು ನುಂಗುತ್ತದೆ.

ಆಹಾರ

ಸೀಗಡಿ ಹಗಲೆಲ್ಲ ಪಾಚಿಯನ್ನು ಹೆಕ್ಕಿ ತಿನ್ನುತ್ತಿರುತ್ತದೆ. ಮೇಲೆ ನಾವು ಹಾಕುವುದು ಎರಡು ದಿನಕ್ಕೊಮ್ಮೆ, ಎರಡು ಮೂರು ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ. ಉಳಿದದ್ದನ್ನು ತೆಗೆದುಬಿಡಿರಿ. ಬಿಸಿನೀರಿನಲ್ಲಿ ಒಂದೆರಡು ನಿಮಿಷ ಕುದಿಸಿದ ಪಾಲಕ್ ಎಲೆ, ಸೌತೆಯ ತೆಳು ಬಿಲ್ಲೆ ಆಗುತ್ತದೆ. ರೇಷ್ಮೆ ಬೆಳೆಯುವ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಇದ್ದೇ ಇರುತ್ತದೆ. ಒಂದು ಎಲೆ ಕುದಿಸಿ ಹಾಕಿರಿ. ನರಗಳನ್ನು ಮಾತ್ರ ಉಳಿಸಿ ಜಾಲರಿ ಮಾಡಿಬಿಡುತ್ತವೆ. ಆದರೆ ಎಲೆ ಯಾವುದೇ ಇರಲಿ, ಔಷಧಿ ಹೊಡೆಯದ ಗಿಡದ್ದೇ ಆಗಿರತಕ್ಕದ್ದು.

ಔಷಧಿಯ ಭಯ: ನನ್ನ ತಪ್ಪು

ಈ ಮಾತು ಏಕೆ ಒತ್ತಿ ಹೇಳುತ್ತೇನೆಂದರೆ, ನಾನೇ ಎಡವಿದ್ದೇನೆ. ನನ್ನ ಮೊದಲ ತೊಟ್ಟಿಗೆ ನಲವತ್ತು ದಿನ ಕಾದು ಹನ್ನೆರಡು ಸೀಗಡಿ ಬಿಟ್ಟೆ. ಮೂರನೆಯ ವಾರ ಒಂದು ಹೆಣ್ಣು ಹೊಟ್ಟೆಯಡಿಯಲ್ಲಿ ಮೊಟ್ಟೆ ಹೊತ್ತಿತು. ಮರುದಿನ ಒಬ್ಬ ರೈತರ ಟೊಮೆಟೊ ತೋಟದಲ್ಲಿ ರೋಗಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಕಲಸುವ ರೀತಿ ತೋರಿಸಲು ನನ್ನ ಬಕೆಟ್ಟನ್ನೇ ಒಯ್ದೆ. ಸಂಜೆ ಅದನ್ನು ಎರಡು ಸಲ ತೊಳೆದು, ಅದರಲ್ಲೇ ತೊಟ್ಟಿಗೆ ನೀರು ಹಾಕಿದೆ. ಬೆಳಿಗ್ಗೆ ನೋಡಿದರೆ ಹನ್ನೆರಡೂ ತಳದಲ್ಲಿ ಮಲಗಿದ್ದವು, ಮೊಟ್ಟೆ ಹೊತ್ತದ್ದೂ ಸೇರಿ.

ಪಕ್ಕದ ಮನೆಯ ರೇಷ್ಮೆ ಸಾಕುವ ಅಜ್ಜಿ ಬಂದು ನೋಡಿ, "ಹುಳದ ಮನೆಗೆ ಔಷಧಿ ಹೊಡೆದ ಕೈಲಿ ಬರಬೇಡಿ ಅಂತ ಊರಿಗೆಲ್ಲ ನೀವೇ ಹೇಳ್ತೀರಲ್ಲಪ್ಪ. ಇದೂ ಹುಳದ ಮನೆಯೇ ಅಲ್ಲವೇ?" ಎಂದರು. ಡಿಪ್ಲೊಮಾ ಓದಿದವನಿಗೆ ಉತ್ತರ ಹೊಳೆಯಲಿಲ್ಲ.

ತಾಮ್ರ ಸೀಗಡಿಗೆ ಕಡು ವಿಷ. ಮೈಲುತುತ್ತ, ಬೋರ್ಡೋ ದ್ರಾವಣ, ತಾಮ್ರ ಬೆರೆತ ಮೀನಿನ ಔಷಧಿ ಯಾವುದೂ ಹತ್ತಿರ ಬರಕೂಡದು. ಕೀಟನಾಶಕವಂತೂ ಸರಿಯೇ ಸರಿ. ಕೀಟವೂ ಸೀಗಡಿಯೂ ಒಂದೇ ದೊಡ್ಡ ವರ್ಗದ ಜೀವಗಳು, ಒಂದನ್ನು ಕೊಲ್ಲುವುದು ಇನ್ನೊಂದನ್ನೂ ಕೊಲ್ಲುತ್ತದೆ. ದನದ ಉಣ್ಣೆಗೆ ಹಚ್ಚುವ ಔಷಧಿಯ ಕೈ, ತೊಟ್ಟಿಯಿರುವ ಕೋಣೆಯಲ್ಲಿ ಹಚ್ಚಿದ ಸೊಳ್ಳೆ ಬತ್ತಿ ಇವೂ ಅಪಾಯವೇ. ಗಾಳಿಯ ಪಂಪು ಆ ಹೊಗೆಯನ್ನೇ ಎಳೆದು ನೀರಿಗೆ ಊದುತ್ತದೆ. ತೊಟ್ಟಿಗೆಂದೇ ಒಂದು ಬಕೆಟ್ಟು, ಒಂದು ಚೊಂಬು ಬೇರೆ ಇಡಿರಿ. ಅದಕ್ಕೆ ಬಣ್ಣದಲ್ಲಿ ಗುರುತು ಹಾಕಿರಿ.

ಮರಿ ಮಾಡುವ ಬಗೆ

ಹೆಣ್ಣು ದೊಡ್ಡದು, ಬಣ್ಣ ಗಾಢ, ಹೊಟ್ಟೆಯ ಕೆಳಭಾಗ ದುಂಡಗೆ. ಗಂಡು ಸಣ್ಣದು, ತೆಳು, ಬಣ್ಣ ಮಾಸಲು. ಹೆಣ್ಣಿನ ಕತ್ತಿನ ಹಿಂದೆ ಹಳದಿ ಅಥವಾ ಹಸಿರು ಮಚ್ಚೆ ಕಂಡರೆ ಒಳಗೆ ಮೊಟ್ಟೆ ಬಲಿಯುತ್ತಿದೆ ಎಂದು ತಿಳಿಯಿರಿ. ಆಮೇಲೆ ಅದು ಹಾವಿನ ಹಾಗೆ ಪೊರೆ ಬಿಟ್ಟು, ಗಂಡಿನೊಡನೆ ಕೂಡಿ, ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಕಾಲುಗಳಲ್ಲಿ ಹೊತ್ತು ಬೀಸುತ್ತಿರುತ್ತದೆ. ಸುಮಾರು ಒಂದು ತಿಂಗಳಿಗೆ ಮರಿ ಹೊರಬರುತ್ತದೆ. ಮರಿ ಬಲಿತು ತಾನೂ ಮರಿ ಮಾಡಲು ಸುಮಾರು ಮೂರು ತಿಂಗಳು ಬೇಕು. ಆಯುಷ್ಯ ಒಂದರಿಂದ ಎರಡು ವರ್ಷ.

ಬಿಟ್ಟ ಪೊರೆಯನ್ನು ಸತ್ತ ಸೀಗಡಿಯೆಂದು ಹೆದರಬೇಡಿರಿ. ಪೊರೆ ಟೊಳ್ಳು, ಕಾಜಿನಂತೆ ಪಾರದರ್ಶಕ. ಸತ್ತದ್ದು ಬೇಯಿಸಿದಂತೆ ನಸುಗೆಂಪಾಗಿ ಮಬ್ಬಾಗಿರುತ್ತದೆ. ಸತ್ತದ್ದನ್ನು ತೆಗೆಯಿರಿ, ಪೊರೆಯನ್ನು ಬಿಡಿರಿ. ಸುಣ್ಣದಂಶಕ್ಕಾಗಿ ಅವೇ ತಿನ್ನುತ್ತವೆ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದರೆ ಸಾಕು. ಒಂದೇ ಸಲಕ್ಕೆ ಹೆಚ್ಚು ನೀರು ಬದಲಿಸಿದರೆ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡಲು ಹೋಗಿ ಸಾಯುವುದುಂಟು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನಲ್ಲಿಯ ನೀರಿನಲ್ಲಿ ತೊಳೆದರೆ ಹೆಪ್ಪು ಸತ್ತಂತೆ.

ಕೆರೆಗೆ ಬಿಡಬೇಡಿರಿ

ಬಣ್ಣ ಕೆಟ್ಟವು, ಹೆಚ್ಚಾದವು ಇದ್ದರೆ ಬೇರೆ ತೊಟ್ಟಿಯಲ್ಲಿಡಿರಿ. ಕೆರೆಗೋ ಹಳ್ಳಕ್ಕೋ ಬಿಡಕೂಡದು. ನಮ್ಮ ಹಳ್ಳಗಳಲ್ಲಿ ನಮ್ಮವೇ ಆದ ಸಣ್ಣ ಸೀಗಡಿಗಳಿವೆ. ಹೊರಗಿನದು ಬಂದರೆ ಅವುಗಳ ತುತ್ತಿಗೆ ಕೈ ಹಾಕುತ್ತದೆ. ಜಪಾನ್, ಹವಾಯಿ, ಜರ್ಮನಿ, ಪೋಲೆಂಡ್‌ಗಳಲ್ಲಿ ಈ ಚೆರ್ರಿ ಸೀಗಡಿ ಹೊರಗಿನ ನೀರಿಗೆ ಸೇರಿ ನೆಲೆಯೂರಿದೆ. ಕಾಂಗ್ರೆಸ್ ಗಿಡವನ್ನು ಹೊಲದಿಂದ ಕಿತ್ತು ಕಿತ್ತು ಸೋತವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಆದಾಯದ ಮಾತು

ಮೊದಲ ವರ್ಷ ಇದರ ಆದಾಯವನ್ನು ಮನೆಯ ಲೆಕ್ಕಕ್ಕೆ ಹಿಡಿಯಬೇಡಿರಿ. ಸಾಲ ಮಾಡಿ ಹತ್ತು ತೊಟ್ಟಿ ಇಡುವುದಂತೂ ಬೇಡ. ಒಂದು ತೊಟ್ಟಿಯಲ್ಲಿ ಎರಡು ತಲೆಮಾರು ಮರಿ ಮಾಡಿಸಿರಿ. ಅಷ್ಟರಲ್ಲಿ ಪೇಟೆಯ ಎರಡು ಮೂರು ಅಂಗಡಿಗಳಿಗೆ ಹೋಗಿ, ಯಾವ ಬಣ್ಣ, ಎಷ್ಟು, ಯಾವ ಬೆಲೆಗೆ ಕೊಳ್ಳುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಿರಿ. ಕೊಳ್ಳುವವರು ಗೊತ್ತಾದ ಮೇಲೆ ಎರಡನೆಯ ತೊಟ್ಟಿ.

ನೆನಪಿಡತಕ್ಕ ಅಂಶಗಳು

1. ನಾಲ್ಕರಿಂದ ಆರು ವಾರ ನೀರು ಹದಗೊಳ್ಳಲಿ, ಆಮೇಲೆ ಸೀಗಡಿ.
2. ಒಂದು ತೊಟ್ಟಿಗೆ ಒಂದೇ ಬಣ್ಣ. ಮೀನು ಬೇಡ.
3. ತಿಂಡಿ ಕಡಿಮೆ, ನೀರು ಬದಲಾವಣೆ ಸ್ವಲ್ಪ ಸ್ವಲ್ಪ.
4. ತಾಮ್ರ, ಕೀಟನಾಶಕ, ಸೊಳ್ಳೆ ಬತ್ತಿ ದೂರ. ಬಕೆಟ್ಟು ಬೇರೆ.
5. ಕೆರೆ ಹಳ್ಳಗಳಿಗೆ ಬಿಡಕೂಡದು.

ಆ ತೊಟ್ಟಿಯ ನೀರು, ಮರಳು, ಸ್ಪಂಜು ಎಲ್ಲವನ್ನೂ ಚೆಲ್ಲಿ ನಾನು ಮತ್ತೆ ಮೊದಲಿನಿಂದ ಆರಂಭಿಸಿದೆ, ಮತ್ತೆ ನಲವತ್ತು ದಿನ ಕಾದೆ. ಈಗ ಜಾವಾ ಮಾಸ್ ಗಿಡದ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಮರಿಗಳು ಓಡಾಡುತ್ತಿವೆ. ನೋಡಬೇಕೆನ್ನುವವರು ಯಾವ ಸಂಜೆಯಾದರೂ ಬನ್ನಿರಿ. ಔಷಧಿ ಹೊಡೆದ ದಿನವಾದರೆ ಸ್ನಾನ ಮಾಡಿ ಬನ್ನಿರಿ.

ನಿಮ್ಮ ಗ್ರಾಮಸೇವಕ