ಸೀರೆ ಅಂಗಡಿಯ ಗಲ್ಲಾಮೇಜೂ ರೇಡಿಯೋ ಅಲೆಗಳೂ

ದೊಡ್ಡ ನಗರಗಳ ಕೆಲವು ಬಟ್ಟೆ ಅಂಗಡಿಗಳಲ್ಲಿ ಹತ್ತು ಬಟ್ಟೆಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟರೆ ಸಾಕು, ಹತ್ತರ ಬೆಲೆಯೂ ಯಂತ್ರದಲ್ಲಿ ಮೂಡುತ್ತದೆ. ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಸೀರೆ ಅಂಗಡಿಯಲ್ಲಿ ಇಂಥ ಮೇಜನ್ನು ಹೂಡಬೇಕಾದರೆ ಏನೇನು ಯೋಚಿಸಬೇಕು?

ಬಟ್ಟೆಗೆ ಕಟ್ಟಿದ ಚೀಟಿಯೊಳಗೆ ಸಾಸಿವೆಗಿಂತ ಚಿಕ್ಕದಾದ ಚಿಪ್ಪೂ ಅದಕ್ಕೆ ಜೋಡಿಸಿದ ತೆಳು ಅಲ್ಯೂಮಿನಿಯಂ ಪಟ್ಟಿಯೂ ಇರುತ್ತವೆ. ಪಟ್ಟಿಯೇ ಆಂಟೆನಾ. ಬ್ಯಾಟರಿ ಇಲ್ಲ. ಮೇಜಿನ ಆಂಟೆನಾ ಕಳಿಸುವ ಅಲೆಯಿಂದಲೇ ಚೀಟಿ ಶಕ್ತಿ ಪಡೆದು, ಆ ಅಲೆಯನ್ನು ಹೆಚ್ಚು ಕಡಿಮೆ ಪ್ರತಿಫಲಿಸುತ್ತ ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಪ್ರತಿಫಲಿತ ಶಕ್ತಿಯಿಂದ ಸಂದೇಶ ಕಳಿಸುವ ವಿಚಾರವನ್ನು ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಬರೆದಿದ್ದರು. 2021ರ ಫೆಬ್ರವರಿಯಲ್ಲಿ ಹೆದ್ದಾರಿಯ ಟೋಲ್ ಗೇಟುಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಇದೇ ಜಾತಿಯದು.

ನಮ್ಮ ದೇಶದಲ್ಲಿ ಇದರ ಆವೃತ್ತಿ ಸುಮಾರು 866 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗದೂರ ಸುಮಾರು 34.6 ಸೆಂ.ಮೀ. ಆಂಟೆನಾ ಅದರ ಅರ್ಧದಷ್ಟು, ಅಂದರೆ 17.3 ಸೆಂ.ಮೀ. ಇರಬೇಕು. ಅಷ್ಟುದ್ದದ ಚೀಟಿ ಯಾರಿಗೆ ಬೇಕು? ಆದುದರಿಂದ ಪಟ್ಟಿಯನ್ನು ಹಾವಿನಂತೆ ಮಡಿಸಿ ಚಿಕ್ಕದು ಮಾಡುತ್ತಾರೆ.

ಟೋಲ್ ಗೇಟಿನಲ್ಲಿ ಅಲೆ ಹಲವು ಮೀಟರು ದೂರ ಹೋಗಬೇಕು. ಗಲ್ಲಾದಲ್ಲಿ ಹಾಗೆ ಹೋದರೆ ಅನರ್ಥ! ಹಿಂದಿನ ಕಪಾಟಿನ ಸೀರೆಯೂ, ಪಕ್ಕದಲ್ಲಿ ನಿಂತವರ ಚೀಲದ ಸೀರೆಯೂ ನಿಮ್ಮ ಬಿಲ್ಲಿಗೆ ಸೇರಿಬಿಡುತ್ತವೆ. ಆದ್ದರಿಂದ ಇಲ್ಲಿ ಸಮೀಪದ ಕಾಂತಕ್ಷೇತ್ರವನ್ನು ಬಳಸುವ ಸುರುಳಿ ಆಂಟೆನಾ ಲೇಸು. ಸುರುಳಿಯಿಂದ ತುಸು ಆಚೆಗೆ, ದೂರ ಎರಡರಷ್ಟಾದರೆ ಈ ಕ್ಷೇತ್ರ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ.

ಇಲ್ಲೊಂದು ತೊಡಕಿದೆ. ಮೇಜಿನಗಲದ ಸುರುಳಿ ಮಾಡಿದರೆ ಅದರ ಸುತ್ತಳತೆ ತರಂಗದೂರವನ್ನು ಮುಟ್ಟುತ್ತದೆ. ಆಗ ವಿದ್ಯುತ್ಪ್ರವಾಹ ಎಲ್ಲ ಕಡೆ ಒಂದೇ ದಿಕ್ಕಿನಲ್ಲಿ ಸುತ್ತುವುದಿಲ್ಲ. ನಡುವಿನಲ್ಲಿ ಕ್ಷೇತ್ರ ಕುಗ್ಗಿ, ಅಲ್ಲಿಟ್ಟ ಸೀರೆ ಎಣಿಕೆಗೆ ಸಿಗದು. ಸುರುಳಿಯನ್ನು ತುಂಡು ತುಂಡು ಮಾಡಿ, ನಡುನಡುವೆ ಕೆಪಾಸಿಟರ್ ಸೇರಿಸಿ, ಪ್ರವಾಹವನ್ನು ಒಂದೇ ದಿಕ್ಕಿಗೆ ತರುವುದು ಇದಕ್ಕೆ ಉಪಾಯ. ಬಲು ಜಾಣತನದ ಕೆಲಸವಿದು. ಮೇಜಿನ ಮೇಲ್ಹಲಗೆ ಮಾತ್ರ ಮರದ್ದಿರಬೇಕು, ಕಬ್ಬಿಣದ್ದಲ್ಲ.

ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ, ಅದರಲ್ಲಿ ಜರಿ. ಜರಿಯೂ ಲೋಹವೇ ಅಲ್ಲವೇ? ಮಡಿಸಿದ ಸೆರಗು ಚೀಟಿಗೆ ಅಂಟಿಕೊಂಡರೆ ಆಂಟೆನಾದ ಶ್ರುತಿ ಕೆಡುತ್ತದೆ, ಬೆಲೆಬಾಳುವ ಸೀರೆಯೇ ಎಣಿಕೆಯಿಂದ ತಪ್ಪಿಹೋಗಬಹುದು. ಚೀಟಿಯನ್ನು ಜರಿಯಿಂದ ದೂರಕ್ಕೆ, ದಾರದಲ್ಲಿ ತೂಗಬಿಡುವುದು ಒಳ್ಳೆಯದು.

ಲೋಹದ ಈ ಗುಣವನ್ನು ಮನೆಯಲ್ಲೇ ನೋಡಬಹುದು. ಹಾಡುತ್ತಿರುವ ಟ್ರಾನ್ಸಿಸ್ಟರನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ ಆಲಿಸಿರಿ. ಆಮೇಲೆ ಮರದ ಪೆಟ್ಟಿಗೆಯಲ್ಲಿಟ್ಟು ಆಲಿಸಿರಿ.