ನಲ್ಲಿಯ ಕಾರ್ಟ್ರಿಜ್: ವಿಧಗಳು ಮತ್ತು ಆಯ್ಕೆ

ಗ್ರಾಹಕನು ನಲ್ಲಿಯನ್ನು ಕೊಳ್ಳುವಾಗ ಅದರ ಹೊಳಪನ್ನು ನೋಡುತ್ತಾನೆ. ಅದು ಸೋರತೊಡಗಿದಾಗ ಮಾರಿದ ಅಂಗಡಿಗೇ ಮರಳಿ ಬರುತ್ತಾನೆ. ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ 86,400 ಹನಿಗಳಾಗುತ್ತವೆ. ಮಿಲಿಲೀಟರಿಗೆ 20 ಹನಿಯೆಂದು ಲೆಕ್ಕ ಹಾಕಿದರೂ ತಿಂಗಳಿಗೆ ಸುಮಾರು 130 ಲೀಟರ್ ನೀರು ವ್ಯರ್ಥವಾಗುತ್ತದೆ. ಆದುದರಿಂದ ನೀರನ್ನು ತಡೆಯುವ ಒಳಭಾಗದ ರಚನೆಯನ್ನು ವರ್ತಕರೂ ತಯಾರಕರೂ ಅರಿತಿರುವುದು ಅವಶ್ಯಕ.

1. ವಾಷರ್ ಮಾದರಿ: ಹಿಡಿಕೆಯನ್ನು ಹಲವು ಸುತ್ತು ತಿರುಗಿಸಿದಾಗ ಸ್ಪಿಂಡಲ್ ಕೆಳಗಿಳಿದು ರಬ್ಬರ್ ವಾಷರನ್ನು ಹಿತ್ತಾಳೆಯ ಸೀಟಿನ ಮೇಲೆ ಒತ್ತುತ್ತದೆ. ವಾಷರ್ ಸವೆದರೆ ಅಲ್ಪ ವೆಚ್ಚದಲ್ಲಿ ಬದಲಿಸಬಹುದು. ಆದರೆ ಸೀಟೇ ಸವೆದಿದ್ದರೆ ಹೊಸ ವಾಷರಿನಿಂದಲೂ ಸೋರಿಕೆ ನಿಲ್ಲದು.

2. ಸೆರಾಮಿಕ್ ಡಿಸ್ಕ್ ಮಾದರಿ: ಇದರಲ್ಲಿ ಅಲ್ಯೂಮಿನಾದ ಎರಡು ನುಣುಪಾದ ಬಿಲ್ಲೆಗಳಿರುತ್ತವೆ. ಒಂದು ಸ್ಥಿರ, ಇನ್ನೊಂದು ಹಿಡಿಕೆಯೊಡನೆ ತಿರುಗುತ್ತದೆ. ರಂಧ್ರಗಳು ಎದುರುಬದುರಾದಾಗ ನೀರು ಹರಿಯುತ್ತದೆ. ಕಾಲು ಸುತ್ತು, ಅಂದರೆ 90 ಡಿಗ್ರಿ ತಿರುಗಿಸಿದರೆ ನಿಲ್ಲುತ್ತದೆ. ಬಿಸಿ ಮತ್ತು ತಣ್ಣೀರಿನ ಹಿಡಿಕೆಗಳು ವಿರುದ್ಧ ದಿಕ್ಕಿಗೆ ತಿರುಗುವ ಜೋಡಿಗಳಲ್ಲಿ ಎಡ ಮತ್ತು ಬಲ ಕಾರ್ಟ್ರಿಜ್‌ಗಳು ಬೇರೆಬೇರೆಯಾಗಿರುತ್ತವೆ.

3. ಸಿಂಗಲ್ ಲಿವರ್ ಮಿಕ್ಸರ್: ಕೆಳಬಿಲ್ಲೆಯಲ್ಲಿ ಬಿಸಿನೀರು, ತಣ್ಣೀರು ಮತ್ತು ಹೊರಹರಿವಿಗೆ ಪ್ರತ್ಯೇಕ ದಾರಿಗಳಿರುತ್ತವೆ. ಲಿವರನ್ನು ಎತ್ತಿದರೆ ಹರಿವಿನ ಪ್ರಮಾಣ, ಪಕ್ಕಕ್ಕೆ ತಿರುಗಿಸಿದರೆ ಮಿಶ್ರಣ ಬದಲಾಗುತ್ತದೆ. 35 ಮತ್ತು 40 ಮಿ.ಮೀ. ವ್ಯಾಸದವು ಹೆಚ್ಚು ಬಳಕೆಯಲ್ಲಿವೆ. ಆದರೆ ವ್ಯಾಸವೊಂದೇ ಸಾಲದು. ಎತ್ತರ, ತಳದ ಪಿನ್ನುಗಳ ಸ್ಥಾನ ಹಾಗೂ ಲಿವರ್ ಕೂರುವ ತುದಿಯ ಅಳತೆಯೂ ಹೊಂದಬೇಕು.

ಬಿಲ್ಲೆಯ ಸೆರಾಮಿಕ್ ಬಹಳ ಗಟ್ಟಿಯಾದರೂ ಪೆಡಸು. ಹೊಸ ಕೊಳವೆಯಲ್ಲಿ ಉಳಿದ ಮರಳು, ಲೋಹದ ಚೂರು ಬಿಲ್ಲೆಗಳ ನಡುವೆ ಸಿಲುಕಿದರೆ ಹೊಸ ನಲ್ಲಿಯೂ ಸೋರಬಹುದು. ಗಡಸುತನ ಹೆಚ್ಚಿರುವ ಕೊಳವೆಬಾವಿಯ ನೀರಿನಲ್ಲಿ ಸುಣ್ಣದ ಪದರ ಕಟ್ಟಿ ಹಿಡಿಕೆ ಬಿಗಿಯಾಗುತ್ತದೆ. ಆಗ ಬಲ ಪ್ರಯೋಗಿಸಬಾರದು. ಜೋಡಣೆಗೆ ಮುನ್ನ ಕೊಳವೆಯಲ್ಲಿ ನೀರು ಹರಿಸಿ ಶುಚಿಗೊಳಿಸುವಂತೆ ಗ್ರಾಹಕರಿಗೂ ಪ್ಲಂಬರ್‌ಗೂ ತಿಳಿಸುವುದು ಲೇಸು.

ಸಣ್ಣ ತಯಾರಕರು ವಿನ್ಯಾಸದ ಹಂತದಲ್ಲೇ ಬಳಕೆಯಲ್ಲಿರುವ ಅಳತೆಯ ಕಾರ್ಟ್ರಿಜನ್ನು ಆರಿಸಿಕೊಳ್ಳಬೇಕು. ಅಪರೂಪದ ಅಳತೆಯ ಕಾರ್ಟ್ರಿಜ್ ಮುಂದೆ ದೊರೆಯದಿದ್ದರೆ ಗಟ್ಟಿಮುಟ್ಟಾದ ಹಿತ್ತಾಳೆಯ ನಲ್ಲಿಯೂ ಗುಜರಿಗೆ ಸೇರುತ್ತದೆ. ವರ್ತಕರು ತಾವು ಮಾರುವ ಪ್ರತಿಯೊಂದು ಮಾದರಿಗೂ ಕೆಲವು ಬದಲಿ ಕಾರ್ಟ್ರಿಜ್‌ಗಳನ್ನು ದಾಸ್ತಾನಿರಿಸಿ, ಮಾದರಿಯ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಬೇಕು. ದೂರು ಹೊತ್ತು ಬಂದ ಗ್ರಾಹಕನು ಸರಿಯಾದ ಬಿಡಿಭಾಗದೊಡನೆ ಹಿಂದಿರುಗಿದರೆ, ಮುಂದಿನ ಖರೀದಿಗೂ ಅದೇ ಅಂಗಡಿಗೆ ಬರುತ್ತಾನೆ.