ನಾಚಿಕೆಯ ಬಡ್ಡಿ ನೂರಕ್ಕೆ ಎರಡು

ಗುದನಾಳದ ಕ್ಯಾನ್ಸರ್ ಎಂದು ಗೊತ್ತಾದಾಗ ನನಗೆ 36 ವರ್ಷ. ಅದಕ್ಕೂ ಎಂಟು ತಿಂಗಳ ಮೊದಲಿನಿಂದ ಶೌಚದಲ್ಲಿ ರಕ್ತ ಬೀಳುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ. ತೋರಿಸಿಕೊಂಡ ವೈದ್ಯರು ಮುಟ್ಟಿ ಪರೀಕ್ಷೆ ಮಾಡಲಿಲ್ಲ. ಸದ್ಯ ಪಾರಾದೆ ಅಂದುಕೊಂಡೆ. "ಮೂಲವ್ಯಾಧಿ ಐತಿ, ಖಾರ ಬಿಡು" ಅಂದರು. ಹೊಲದ ತುಂಬ ಮೆಣಸಿನಕಾಯಿ ಬೆಳೆಯುವವನು ಖಾರ ಬಿಟ್ಟೆ. ರಕ್ತ ನಿಲ್ಲಲಿಲ್ಲ. ಮಾತ್ರೆ, ಮುಲಾಮು, ಪಕ್ಕದೂರಿನ ಗಿಡಮೂಲಿಕೆ ಎಲ್ಲ ಸೇರಿ ₹14,000 ಹೋಯಿತು.

ಅಣ್ಣಿಗೇರಿ ಹತ್ತಿರ ನಮ್ಮದು ಆರೆಕರೆ ಎರಿ ಹೊಲ, ಜೊತೆಗೊಂದು ಬೀಜ-ಗೊಬ್ಬರದ ಸಣ್ಣ ಅಂಗಡಿ. ಬಿಪಿಎಲ್ ಕಾರ್ಡ್ ಇತ್ತು. ಆದರೂ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ ಹೋಗಲಿಲ್ಲ. ಅಲ್ಲಿ ಊರಿನವರು ಯಾರಾದರೂ ಸಿಕ್ಕು "ಏನಾಗೇತಿ?" ಎಂದರೆ ಏನು ಹೇಳುವುದು? ಪರವೂರಿನ ಖಾಸಗಿ ಕೇಂದ್ರದಲ್ಲಿ ಗುಟ್ಟಾಗಿ ಕಾಲೊನೋಸ್ಕೋಪಿ, ಬಯಾಪ್ಸಿ, ಸಿಟಿ ಸ್ಕ್ಯಾನ್ ಮಾಡಿಸಿದೆ: ₹22,000.

ರಿಪೋರ್ಟ್ ಕೈಗೆ ಬಂದ ಸಂಜೆ ನೇರವಾಗಿ ದಲಾಲಿ ಅಂಗಡಿಗೆ ಹೋಗಿ, ತಿಂಗಳಿಗೆ ನೂರಕ್ಕೆ ಎರಡರಂತೆ ಎರಡು ಲಕ್ಷ ತಂದೆ. ಕಾರಣ ಕೇಳಿದರೆ "ಬೋರ್ ಹೊಡಸಾಕ" ಅಂದೆ. ಅದೇ ಹೊತ್ತಿಗೆ ನನ್ನ ಉದ್ರಿ ಪುಸ್ತಕದಲ್ಲಿ ರೈತರಿಂದ ಬರಬೇಕಾದ ಬಾಕಿ ₹1,60,000 ಇತ್ತು. ಕೇಳಿದರೆ ವಿಷಯ ಹೊರಬೀಳುತ್ತದೆ ಎಂದು ಕೇಳಲಿಲ್ಲ. ನನ್ನ ರೊಕ್ಕ ಬಡ್ಡಿಯಿಲ್ಲದೆ ಊರೆಲ್ಲ ತಿರುಗುತ್ತಿತ್ತು, ನಾನು ತಿಂಗಳಿಗೆ ₹4,000 ಬಡ್ಡಿ ಕಟ್ಟುತ್ತಿದ್ದೆ. ಹದಿನೆಂಟು ತಿಂಗಳಾದ ಮೇಲೆ ಹೆಂಡತಿ ಪುಸ್ತಕ ಮುಂದಿಟ್ಟು ಕೇಳಿದಳು: "ನಮ್ಮ ರೊಕ್ಕ ನಾವು ಕೇಳಾಕ ನಾಚಿಕಿ ಎದಕ್ಕರೀ?" ಆ ಸುಗ್ಗಿಯಲ್ಲಿ ಅವಳೇ ಮನೆಮನೆಗೆ ಹೋಗಿ ಬಾಕಿ ವಸೂಲಿ ಮಾಡಿ ಸಾಲ ತೀರಿಸಿದಳು. ಅಷ್ಟರಲ್ಲಿ ಬಡ್ಡಿಯೇ ₹72,000 ಆಗಿತ್ತು.

ಚಿಕಿತ್ಸೆಗೆ ಎಷ್ಟಾಯಿತು ಎಂದು ಕೇಳುವವರಿಗೆ ಆಶ್ಚರ್ಯವಾಗಬಹುದು. ಕೊನೆಗೆ ಸರ್ಕಾರಿ ಆಸ್ಪತ್ರೆಗೇ ಹೋದೆ; ರೇಡಿಯೇಶನ್, ಆಪರೇಶನ್, ಕಿಮೊ ಮೂರನ್ನೂ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಭರಿಸಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ ₹1.5 ಲಕ್ಷ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರ ರೆಫರಲ್ ಚೀಟಿ ಹಿಡಿದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ. ಅದಕ್ಕೂ ಮೊದಲು ಕೈಯಿಂದ ಕೊಟ್ಟದ್ದು ತಿರುಗಿ ಬರುವುದಿಲ್ಲ. ನನ್ನ ₹22,000 ಬರಲಿಲ್ಲ.

ಯೋಜನೆ ಕೊಡದ ಖರ್ಚೂ ಇದೆ. ಐದು ವಾರ, ಇಪ್ಪತ್ತೈದು ದಿನ ರೇಡಿಯೇಶನ್‌ಗೆ ಹುಬ್ಬಳ್ಳಿಗೆ ಹೋಗಿಬರಬೇಕಿತ್ತು. ಆಮೇಲೆ ಮೂರು ವಾರಕ್ಕೊಮ್ಮೆ ಕಿಮೊ. ಓಡಾಟ, ಊಟ ಸೇರಿ ₹31,000. ಆಪರೇಶನ್ ಆದ ಮೇಲೆ ಏಳು ತಿಂಗಳು ಹೊಟ್ಟೆಗೆ ಚೀಲ ಅಂಟಿಸಿಕೊಂಡಿದ್ದೆ, ಅದಕ್ಕೆ ₹18,000. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ಮಾಫಿ, ಜೊತೆಗಾರರಿಗೆ ಶೇ 75 ರಿಯಾಯಿತಿ; ಎರಡನೇ ದರ್ಜೆಯಲ್ಲಿ ಇಬ್ಬರಿಗೂ ಶೇ 75. ಆಸ್ಪತ್ರೆಯ ವೈದ್ಯರು ಫಾರಂಗೆ ಸಹಿ ಮಾಡಿಕೊಡುತ್ತಾರೆ. ಅಣ್ಣಿಗೇರಿಯಲ್ಲಿ ರೈಲು ನಿಲ್ದಾಣವಿದ್ದೂ ನನಗಿದು ಗೊತ್ತಾದದ್ದು ಕೊನೆಗೆ.

ಈಗ ಲೆಕ್ಕ ಕೂಡಿಸೋಣ. ರೋಗ ತಿಂದದ್ದು ₹49,000. ನಾಚಿಕೆ ತಿಂದದ್ದು ₹1,08,000. ದುಡಿಮೆ ನಿಂತ ನಷ್ಟ ಬೇರೆ.

ಚಿಕ್ಕ ವಯಸ್ಸಿನಲ್ಲಿ ಈ ರೋಗ ಬಂದರೆ ಮುಂದೆ ಬದುಕುವ ವರ್ಷಗಳೂ ಹೆಚ್ಚು, ತಪಾಸಣೆಯ ಖರ್ಚೂ ಹೆಚ್ಚು. ಐದು ವರ್ಷ ಸಿಇಎ ರಕ್ತಪರೀಕ್ಷೆ, ಸ್ಕ್ಯಾನ್, ನಡುನಡುವೆ ಕಾಲೊನೋಸ್ಕೋಪಿ. ಅದಕ್ಕೆಂದೇ ದಿನಕ್ಕೆ ₹40 ಪಿಗ್ಮಿ ಕಟ್ಟುತ್ತೇನೆ, ವರ್ಷಕ್ಕೆ ₹14,600. ಕಾಯಿಲೆ ಬಂದ ಮೇಲೆ ಹೊಸ ವಿಮೆ ಸಿಗುವುದು ಕಷ್ಟ, ಇದ್ದ ಪಾಲಿಸಿಯನ್ನು ಬಿಡಬೇಡಿ. ವರ್ಷಕ್ಕೆ ₹436 ಕಟ್ಟುವ ಜೀವನ್ ಜ್ಯೋತಿ ವಿಮೆಗೆ 18ರಿಂದ 50 ವರ್ಷದೊಳಗಿನವರು ಸೇರಬಹುದು. ನಾವಿಲ್ಲವಾದರೆ ಕುಟುಂಬಕ್ಕೆ ₹2 ಲಕ್ಷದ ಆಸರೆ. ಆರಾಮ ಇರುವಾಗಲೇ ಮಾಡಿಸಿಡಿ.

ಮನೆಯಲ್ಲಿ ಒಬ್ಬರಿಗೆ ಚಿಕ್ಕ ವಯಸ್ಸಿನಲ್ಲಿ ಬಂದರೆ, ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಒಡಹುಟ್ಟಿದವರು, ಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ವೈದ್ಯರು ಹೇಳಿದರು. ನನ್ನ ತಮ್ಮನಿಗೆ 33. "ನನಗೇನೂ ಆಗಿಲ್ಲ ಬಿಡಣ್ಣ" ಎಂದು ಎರಡು ಸಲ ತಪ್ಪಿಸಿಕೊಂಡ. ಮೂರನೇ ಸಲ ನಾನೇ ಕರೆದುಕೊಂಡು ಹೋದೆ. ಸಣ್ಣದೊಂದು ಗಂಟು ಸಿಕ್ಕಿತು, ಅಲ್ಲೇ ತೆಗೆದರು. ಅದಕ್ಕಾದ ಖರ್ಚು ನಾನು ದಲಾಲಿಗೆ ಕಟ್ಟಿದ ಎರಡು ತಿಂಗಳ ಬಡ್ಡಿಗಿಂತ ಕಡಿಮೆ.